ಲಾಂಚಿನ ಹೊತ್ತಿಗೆ ನಡೆದ ನಾಡು

ತುಮರಿಯ ಕಡೆ ಮದುವೆಯ ಮುಹೂರ್ತವನ್ನು ಪಂಚಾಂಗ ನೋಡಿ ಇಡುತ್ತಿದ್ದರು, ದಿಬ್ಬಣ ಹೊರಡುವ ಹೊತ್ತನ್ನು ಹಿನ್ನೀರು ದಾಟಿಸುವ ಲಾಂಚು ನೋಡಿ ಇಡುತ್ತಿದ್ದರು. ಸಾಗರದ ಮಂಡಿಗೆ ಅಡಿಕೆ ಒಯ್ಯುವವರು, ಕೋರ್ಟಿನ ವಾಯಿದೆಗೆ ಹೋಗುವವರು, ಕಾಲೇಜಿನ ಮಕ್ಕಳು, ದಿನ ತುಂಬಿದ ಬಸುರಿ, ಎಲ್ಲರ ದಿನವೂ ಲಾಂಚು ನಿಲ್ಲುವ ಹೊಳೆಬಾಗಿಲಿನಿಂದಲೇ ಶುರುವಾಗಬೇಕಿತ್ತು. ಕತ್ತಲಾಗುವ ಹೊತ್ತಿಗೆ ಕೊನೆಯ ಲಾಂಚು. ಅದು ತಪ್ಪಿದರೆ ಸಾಗರದಲ್ಲಿ ನೆಂಟರ ಮನೆ ಹುಡುಕಬೇಕು, ಇಲ್ಲವೇ ಹೊಸನಗರ, ನಿಟ್ಟೂರು ಬಳಸಿ ಸುಮಾರು 80 ಕಿಲೋಮೀಟರ್ ಸುತ್ತು ಹಾಕಿ ಊರು ಸೇರಬೇಕು. 2025ರ ಜುಲೈ 14ರಂದು ಅಂಬಾರಗೋಡ್ಲು ಮತ್ತು ಕಳಸವಳ್ಳಿಯ ನಡುವೆ ಸೇತುವೆ ತೆರೆಯುವವರೆಗೆ, ಅಂದರೆ ಸರಿಸುಮಾರು ಅರವತ್ತು ವರ್ಷ, ಒಂದು ಸೀಮೆಯ ಬದುಕು ಹೀಗೆ ನಡೆಯಿತು.

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಪಶ್ಚಿಮಕ್ಕೆ, ಶರಾವತಿ ನದಿಯ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನ ಆಚೆ ದಡದಲ್ಲಿ ಕರೂರು-ಬಾರಂಗಿ ಸೀಮೆ ಇದೆ. ತುಮರಿ, ಬ್ಯಾಕೋಡು, ಕುದರೂರು, ಸಿಗಂದೂರು, ಕಟ್ಟಿನಕಾರು ಅಲ್ಲಿನ ಕೆಲವು ಊರುಗಳು. ಪತ್ರಿಕೆಗಳು ಇದನ್ನು ದ್ವೀಪ ಎನ್ನುತ್ತವೆ. ನಕ್ಷೆ ನೋಡಿದರೆ ಪೂರ್ತಿ ದ್ವೀಪವಲ್ಲ. ಪಶ್ಚಿಮಕ್ಕೆ ಕೋಗಾರು ಘಾಟಿ ಇಳಿದರೆ ಭಟ್ಕಳ, ನಾಗೋಡಿಯ ಕಡೆ ಹೋದರೆ ಕೊಲ್ಲೂರು. ಆದರೆ ತಾಲ್ಲೂಕು ಕಚೇರಿ, ದೊಡ್ಡಾಸ್ಪತ್ರೆ, ಅಡಿಕೆ ಮಾರುಕಟ್ಟೆ, ಕಾಲೇಜು ಎಲ್ಲವೂ ನೀರಿನ ಈಚೆಗೆ ಉಳಿದಿದ್ದರಿಂದ ಅಲ್ಲಿಯವರ ಪಾಲಿಗೆ ಅದು ದ್ವೀಪವೇ ಆಯಿತು.

ನನ್ನನ್ನು ಈ ಸೀಮೆಗೆ ಎಳೆದದ್ದು ಲಾಂಚು. ಸಿಗಂದೂರಿನ ದೇವಸ್ಥಾನಕ್ಕೆ ಹೋಗುವವರು ಅದನ್ನು ಒಂದು ಮೋಜಿನ ಸವಾರಿ ಎಂದುಕೊಂಡಿದ್ದರು. ಊರಿನವರಿಗೆ ಅದು ರಸ್ತೆಯ ಒಂದು ತುಂಡು. ಎರಡೂ ತುದಿಯಲ್ಲಿ ಇಳಿಸಿ ಏರಿಸಬಹುದಾದ ಕಬ್ಬಿಣದ ಹಲಗೆ, ನಡುವೆ ಸಪಾಟು ಅಟ್ಟಣೆ, ಅಂಚಿಗೆ ಜನ ನಿಲ್ಲುವ ಜಾಗ, ಮೇಲೆ ಚಾಲಕನ ಗೂಡು. ಹಲಗೆ ದಡಕ್ಕೆ ಬಡಿದ ಕೂಡಲೇ ಮೊದಲು ಜನ ಇಳಿಯಬೇಕು, ಆಮೇಲೆ ಬೈಕು, ಆಮೇಲೆ ಕಾರು, ಕೊನೆಗೆ ಬಸ್ಸು. ಹತ್ತುವಾಗ ಇದರ ತಿರುಗುಮುರುಗು. ತುಂಬಿದ ಬಸ್ಸನ್ನು ಅಷ್ಟು ಚಿಕ್ಕ ಜಾಗದಲ್ಲಿ ಅಂಗೈಯಗಲ ಬಿಡದೆ ನಿಲ್ಲಿಸುವ ಚಾಲಕರು, ತೂಕ ಒಂದು ಕಡೆ ವಾಲದಂತೆ ಕಾರುಗಳನ್ನು ಎಡಕ್ಕೆ ಬಲಕ್ಕೆ ಹಂಚುವ ಸಿಬ್ಬಂದಿ, ಇವರ ಕೆಲಸವನ್ನು ದಡದಲ್ಲಿ ನಿಂತು ನೋಡುವುದೇ ಒಂದು ಪಾಠವಾಗಿತ್ತು. ಒಳನಾಡು ಜಲಸಾರಿಗೆಯ ಈ ನೌಕರರನ್ನು ಆಚೆ ದಡದ ಮಕ್ಕಳು ಮೇಷ್ಟ್ರುಗಳಿಗಿಂತ ಮೊದಲೇ ಹೆಸರು ಹಿಡಿದು ಬಲ್ಲವರಾಗಿದ್ದರು.

ಅಲ್ಲಿ ಗಟ್ಟಿಯಾದ ಧಕ್ಕೆ ಕಟ್ಟುವುದು ಸುಲಭವಿರಲಿಲ್ಲ. ಲಿಂಗನಮಕ್ಕಿಯ ಪೂರ್ಣ ಮಟ್ಟ 1819 ಅಡಿ. ಮಳೆಗಾಲ ಮುಗಿಯುವಾಗ ಕಾಡಿನ ಬುಡದವರೆಗೆ ಬರುವ ನೀರು, ವಿದ್ಯುತ್ತಿಗೆ ಬಿಡುತ್ತ ಬಿಡುತ್ತ ಮೇ ತಿಂಗಳ ಹೊತ್ತಿಗೆ ಹತ್ತಾರು ಅಡಿ ಕೆಳಗಿಳಿಯುತ್ತದೆ. ನೀರು ಇಳಿದಂತೆ ಲಾಂಚು ನಿಲ್ಲುವ ಜಾಗವೂ ಕೆಳಗೆ ಹೋಗಬೇಕಿತ್ತು. ಜನ ಕೆಂಪು ಮಣ್ಣಿನ ಇಳಿಜಾರಿನಲ್ಲಿ ಚೀಲ ಹೊತ್ತು ಅಷ್ಟು ದೂರ ನಡೆಯಬೇಕಿತ್ತು. ಕೆಲವು ವರ್ಷ ನೀರು ಎಷ್ಟು ತಳ ಸೇರುತ್ತಿತ್ತೆಂದರೆ, ಹಳೆಯ ಮರಗಳ ಬೊಡ್ಡೆಗಳು ತಲೆ ಎತ್ತಿ ಲಾಂಚಿಗೆ ದಾರಿಯೇ ಉಳಿಯುತ್ತಿರಲಿಲ್ಲ. 2023ರ ಜೂನ್‌ನಲ್ಲಿ ಮಳೆ ತಡವಾದಾಗ ವಾಹನಗಳನ್ನು ಹತ್ತಿಸುವುದನ್ನೇ ನಿಲ್ಲಿಸಬೇಕಾಯಿತು. ನಾಡಿನ ಬೇರೆ ಕಡೆಯವರು ಮುಂಗಾರಿಗೆ ಕಾಯುವುದು ಬಿತ್ತನೆಗೆ. ಇಲ್ಲಿಯವರು ಬಿತ್ತನೆಗೂ ಕಾಯಬೇಕಿತ್ತು, ದಾರಿಗೂ ಕಾಯಬೇಕಿತ್ತು.

ಮಕರ ಸಂಕ್ರಾಂತಿಯ ಜಾತ್ರೆ, ನವರಾತ್ರಿ, ಬೇಸಿಗೆ ರಜೆ ಬಂದರೆ ಇನ್ನೊಂದು ಸಂಕಟ. ಸಿಗಂದೂರಿಗೆ ಹೋಗುವ ಕಾರುಗಳ ಸಾಲು ಅಂಬಾರಗೋಡ್ಲಿನ ದಾರಿಯುದ್ದಕ್ಕೂ ನಿಲ್ಲುತ್ತಿತ್ತು. ಅದರ ನಡುವೆ ಊರಿಗೆ ಅಕ್ಕಿ ಮೂಟೆ, ಗೊಬ್ಬರ ತುಂಬಿಕೊಂಡು ಬಂದ ಪಿಕಪ್ ಗಾಡಿಯೂ ಸಿಕ್ಕಿಕೊಳ್ಳುತ್ತಿತ್ತು. ಸ್ಥಳೀಯರಿಗೆ ಮೊದಲು ಜಾಗ ಕೊಡಿ ಎಂಬ ಬೇಡಿಕೆ ವರ್ಷವರ್ಷವೂ ಎದ್ದಿತು. ರಾತ್ರಿ ಹಾವು ಕಚ್ಚಿದರೆ, ಹೆರಿಗೆ ನೋವು ಬಂದರೆ ಲಾಂಚಿನವರನ್ನು ಎಬ್ಬಿಸಿ ಕರೆಸಬೇಕಿತ್ತು. ಅವರು ಬಂದಿದ್ದಾರೆ, ಎಷ್ಟೋ ಜೀವ ಉಳಿಸಿದ್ದಾರೆ. ಹೊಳೆ ದಾಟುವುದು ತಡವಾಗಿ ಹೋದ ಜೀವಗಳೂ ಇವೆ. ಹೊಳೆಯಾಚೆಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದವರನ್ನು ಈ ಲೆಕ್ಕ ಗೊತ್ತಿದ್ದ ಯಾರೂ ಬೈಯಲಾರರು.

ಇಷ್ಟೆಲ್ಲ ನೀರು ಎಲ್ಲಿಂದ ಬಂತು ಎಂಬ ಕತೆ ಅಲ್ಲಿನ ಹಿರಿಯರಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಮೊದಲು ಬಂದದ್ದು ಹಿರೇಭಾಸ್ಕರ ಅಣೆಕಟ್ಟು, ಊರಿನವರ ಬಾಯಲ್ಲಿ ಮಡೆನೂರು ಡ್ಯಾಂ. ಜೋಗದ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಬೇಕೆಂದು ಅದನ್ನು ಕಟ್ಟಿದರು. 1948ರಲ್ಲಿ ಆ ವಿದ್ಯುದಾಗಾರ ಶುರುವಾಯಿತು, ಮುಂದೆ ಗಾಂಧೀಜಿಯವರ ಹೆಸರು ಪಡೆಯಿತು. ಮಡೆನೂರಿನ ನೀರಿಗೆ ಊರು ಬಿಟ್ಟು ಮೇಲಕ್ಕೆ ಬಂದು ಮನೆ ಕಟ್ಟಿದವರ ಬೆನ್ನಿಗೇ 1964ರಲ್ಲಿ ಲಿಂಗನಮಕ್ಕಿ ಬಂತು. ಸುಮಾರು 300 ಚದರ ಕಿಲೋಮೀಟರ್ ನೆಲ ನೀರಿನಡಿ ಹೋಯಿತು. ಮಡೆನೂರಿನ ಅಣೆಕಟ್ಟೂ ಅದರೊಳಗೇ ಮುಳುಗಿತು. ಕೆಲವು ಮನೆತನಗಳು ಹೀಗೆ ಎರಡು ಸಲ ಮುಳುಗಡೆಯಾದವು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಆ ಹಳೆಯ ಅಣೆಕಟ್ಟಿನ ಸೈಫನ್‌ಗಳು ಹಾಗೇ ಎದ್ದು ನಿಲ್ಲುತ್ತವೆ. ಪ್ರವಾಸಿಗರು ಅದರ ಕಟ್ಟಡ ನೋಡಿ ಬೆರಗಾಗುತ್ತಾರೆ. ಆಚೆ ದಡದ ಹಳಬರು ಅದೇ ಸಮಯಕ್ಕೆ ಕಾದಿದ್ದು, ತಮ್ಮ ಮನೆ ಎಲ್ಲಿತ್ತು ಎಂದು ಹುಡುಕಿಕೊಂಡು ಬರುತ್ತಾರೆ.

ಶರಾವತಿಯ 1035 ಮೆಗಾವಾಟ್ ವಿದ್ಯುದಾಗಾರ ಒಂದು ಕಾಲಕ್ಕೆ ರಾಜ್ಯದ ಬೆಳಕಿನ ಬಹುಪಾಲನ್ನು ಹೊತ್ತಿತ್ತು. ಬೆಂಗಳೂರಿನ ಕಾರ್ಖಾನೆಗಳು ಬೆಳೆದದ್ದು ಈ ನೀರಿನ ಬಲದಿಂದ. ಇದನ್ನು ಶಾಲೆಯ ಪಾಠದಲ್ಲಿ ಓದುತ್ತೇವೆ. ಪಾಠದಲ್ಲಿ ಇಲ್ಲದ್ದು ಪರಿಹಾರದ ಲೆಕ್ಕ. ಹೊಳೆಯ ಇಕ್ಕೆಲದ ಗದ್ದೆಗಳನ್ನು ಉಳುತ್ತಿದ್ದವರಲ್ಲಿ ಬಹಳಷ್ಟು ಮಂದಿ ದೀವರ ಸಮುದಾಯದವರು, ಗೇಣಿದಾರರು. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದ್ದರು, ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೆ ಒಳಗಾಗಿದ್ದರು. ಉಳುವವನೇ ಹೊಲದೊಡೆಯ ಎನ್ನುವ ಕಾನೂನು ಗಟ್ಟಿಯಾಗಿ ಬಂದದ್ದು 1974ರಲ್ಲಿ. ಅಷ್ಟರಲ್ಲಿ ಶರಾವತಿ ಕಣಿವೆಯ ಗದ್ದೆಗಳು ಮುಳುಗಿ ಹತ್ತು ವರ್ಷವಾಗಿತ್ತು. ದಾಖಲೆಯಲ್ಲಿ ಹೆಸರು ಇದ್ದ ಒಡೆಯನಿಗೆ ಪರಿಹಾರ ದಕ್ಕಿತು. ಉತ್ತವನಿಗೆ ದಕ್ಕಬಹುದಾಗಿದ್ದ ನೆಲ ನೀರಿನಡಿ ಇತ್ತು. ಈ ಹತ್ತು ವರ್ಷದ ಅಂತರವನ್ನು ಅರ್ಥ ಮಾಡಿಕೊಳ್ಳದೆ ಕರೂರು ಸೀಮೆಯ ಇಂದಿನ ಬಡತನ, ಸಿರಿತನ ಎರಡನ್ನೂ ಅರ್ಥ ಮಾಡಿಕೊಳ್ಳಲಾಗದು ಎಂದು ನನಗೆ ಅನ್ನಿಸುತ್ತದೆ.

ಸಂತ್ರಸ್ತರನ್ನು ಲಾರಿಗಳಲ್ಲಿ ತುಂಬಿ ಶಿವಮೊಗ್ಗ, ಸೊರಬ, ಹೊಸನಗರದ ಕಾಡಂಚಿಗೆ ಇಳಿಸಿದರು. ದನ, ದೇವರ ಪೆಟ್ಟಿಗೆ, ಒರಳು ಎಲ್ಲ ಅದೇ ಲಾರಿಯಲ್ಲಿ. ಹೋಗದೆ ಉಳಿದವರು ನೀರು ಮೇಲೆ ಬಂದಂತೆ ಗುಡ್ಡ ಹತ್ತಿದರು. ಅವರ ಕತೆಯನ್ನು ಕನ್ನಡಕ್ಕೆ ತಂದವರು ನಾ. ಡಿಸೋಜ. ಸಾಗರದಲ್ಲೇ ಹುಟ್ಟಿ, ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯಲ್ಲಿ ದುಡಿದವರು. ಅಣೆಕಟ್ಟು ಕಟ್ಟುವ ಕಡೆಯಲ್ಲಿದ್ದುಕೊಂಡೇ ಮುಳುಗುವವರ ಕಡೆ ನೋಡಿದವರು. ಅವರ ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳು ಇಲ್ಲದಿದ್ದರೆ ಈ ಸೀಮೆಯ ದುಃಖ ತಾಲ್ಲೂಕಿನ ಗಡಿ ದಾಟುತ್ತಿತ್ತೋ ಇಲ್ಲವೋ. ‘ದ್ವೀಪ’ವನ್ನು ಗಿರೀಶ ಕಾಸರವಳ್ಳಿ ಸಿನಿಮಾ ಮಾಡಿದರು, ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ, ಎಂಬತ್ತು ದಾಟಿದ ಆ ಹಿರಿಯರು ಹೋರಾಟದ ಮುಂಚೂಣಿಯಲ್ಲಿ ನಿಂತರು. 2025ರ ಜನವರಿ 5ರಂದು ತೀರಿಕೊಂಡರು. ಸೇತುವೆ ತೆರೆದದ್ದು ಅದಾಗಿ ಆರು ತಿಂಗಳಿಗೆ.

ಗುಡ್ಡ ಹತ್ತಿದವರು ಏನು ಬೆಳೆದರು? ಮುಖ್ಯವಾಗಿ ಅಡಿಕೆ. ಮಲೆನಾಡಿನಲ್ಲಿ ಅಡಿಕೆ ಇಲ್ಲದ ಕಣಿವೆ ಇಲ್ಲ, ನಿಜ. ಇಲ್ಲಿ ಅದಕ್ಕೆ ಇನ್ನೊಂದು ಕಾರಣವೂ ಕೂಡಿತು. ಒಣಗಿಸಿದ ಅಡಿಕೆ ಕಾಯುತ್ತದೆ. ಲಾಂಚು ಕೆಟ್ಟು ನಿಂತರೂ ಅಟ್ಟದ ಮೇಲೆ ಚೀಲ ಕೆಡದೆ ಕೂತಿರುತ್ತಿತ್ತು. ಕಾಳುಮೆಣಸೂ ಹಾಗೆಯೇ. ಹಾಲು, ತರಕಾರಿ, ಬಾಳೆಹಣ್ಣು ಕಾಯುವುದಿಲ್ಲ. ಹಾಗಾಗಿ ಕಾಯಬಲ್ಲ ಬೆಳೆಯ ಮೇಲೆ ಇಡೀ ಸೀಮೆ ಕೂತಿತು, ಆ ಬೆಳೆಗೆ ರೋಗ ಬಂದರೆ ಇಡೀ ಸೀಮೆಯೇ ಕುಸಿಯುತ್ತದೆ. ಮಳೆಗಾಲದ ಕೊಳೆರೋಗಕ್ಕೆ ಮೈಲುತುತ್ತ, ಸುಣ್ಣ ಬೆರೆಸಿ ಬೋರ್ಡೋ ಹೊಡೆದು ಹೇಗೋ ತಡೆಯುತ್ತಿದ್ದರು. ಈಚಿನ ವರ್ಷಗಳ ಎಲೆಚುಕ್ಕಿ ರೋಗ ಸೋಗೆಯನ್ನೇ ಒಣಗಿಸುತ್ತಿದೆ, ಮರ ಹತ್ತಿ ಕೊನೆ ಕೊಯ್ಯುವವರೂ ಕಡಿಮೆಯಾಗಿದ್ದಾರೆ. ಮಕ್ಕಳು ಬೆಂಗಳೂರಿನಲ್ಲಿದ್ದಾರೆ.

ಇನ್ನೊಂದು ಆದಾಯ ಸಿಗಂದೂರು ಚೌಡೇಶ್ವರಿಯದು. ದೀವರ ಮನೆತನವೊಂದು ನಡೆಸಿಕೊಂಡು ಬಂದ ಈ ದೇವಸ್ಥಾನ ಕೆಲವೇ ದಶಕಗಳಲ್ಲಿ ನಾಡಿನಾದ್ಯಂತ ಹೆಸರಾಯಿತು. ಕಳ್ಳರಿಂದ ಕಾಯುವ ದೇವಿ ಎಂದು ಜನರ ನಂಬಿಕೆ. ಮಲೆನಾಡು, ಕರಾವಳಿಯ ಎಷ್ಟೋ ತೋಟದ ಬೇಲಿಗಳಲ್ಲಿ, ಕಟ್ಟುತ್ತಿರುವ ಮನೆಗಳ ಮುಂದೆ ದೇವಿಯ ಕಾವಲಿದೆ ಎಂಬ ಬೋರ್ಡು ನೇತಾಡುತ್ತದೆ. ಭಕ್ತರು ಬಂದಂತೆ ಎರಡೂ ದಡದಲ್ಲಿ ಅಂಗಡಿ ಎದ್ದವು. ಚಹಾ, ಮಂಡಕ್ಕಿ, ಉಪ್ಪು ಖಾರ ಸವರಿದ ಅನಾನಸು, ಸೌತೆಕಾಯಿ. ಕಳಸವಳ್ಳಿಯಲ್ಲಿ ಲಾಂಚಿಳಿದವರನ್ನು ದೇವಸ್ಥಾನಕ್ಕೆ ಮುಟ್ಟಿಸುವ ಜೀಪು, ವ್ಯಾನುಗಳು. ಹಿನ್ನೀರಿನಿಂದ ನಷ್ಟವಾದದ್ದರಲ್ಲಿ ಒಂದು ಚೂರನ್ನು ಈ ಕಾಯುವಿಕೆಯೇ ಮರಳಿ ಕೊಟ್ಟಿತ್ತು. ಭಕ್ತರು ಕಾದಷ್ಟು ಹೊತ್ತು ಊರಿನ ಬಡವರಿಗೆ ವ್ಯಾಪಾರ.

ಈಗ ಆ ಕಾಯುವಿಕೆ ಮುಗಿದಿದೆ. ಸುಮಾರು 470 ಕೋಟಿ ರೂಪಾಯಿಯ, ಎರಡು ಕಿಲೋಮೀಟರಿಗೂ ಉದ್ದದ, ಕೇಬಲ್ ಬಿಗಿದ ಸೇತುವೆಯನ್ನು ಕಾರು ಕೆಲವೇ ನಿಮಿಷದಲ್ಲಿ ದಾಟುತ್ತದೆ. ಇದಕ್ಕಾಗಿ ಊರಿನವರು ದಶಕಗಳ ಕಾಲ ಅರ್ಜಿ ಕೊಟ್ಟಿದ್ದಾರೆ, ಪಾದಯಾತ್ರೆ ಮಾಡಿದ್ದಾರೆ. ಅವರ ಸಂತೋಷದಲ್ಲಿ ಎರಡು ಮಾತಿಲ್ಲ. ಆಂಬುಲೆನ್ಸು ನಡುರಾತ್ರಿಯಲ್ಲೂ ದಾಟುತ್ತದೆ ಎಂಬ ಒಂದೇ ಕಾರಣ ಸಾಕು. ಲಾಂಚಿನ ಬಗ್ಗೆ ನನ್ನಂಥವರಿಗೆ ಇರುವ ಅಕ್ಕರೆಯನ್ನು ಇದರ ಎದುರು ತೂಗುವುದು ತಪ್ಪು. ಆದರೂ ಹೇಳಬೇಕಾದ್ದಿದೆ. ಈ ರಸ್ತೆ 369ಇ ರಾಷ್ಟ್ರೀಯ ಹೆದ್ದಾರಿಯ ಭಾಗ, ಸಾಗರದಿಂದ ಸಿಗಂದೂರು ಹಾದು ಮರಕುಟುಕದ ಕಡೆ, ಕೊಲ್ಲೂರಿನ ದಾರಿಗೆ ಸೇರುತ್ತದೆ. ಬೆಳಿಗ್ಗೆ ಸಿಗಂದೂರು, ಮಧ್ಯಾಹ್ನ ಕೊಲ್ಲೂರು ಎಂದು ಹೊರಟ ಕಾರು ಕಳಸವಳ್ಳಿಯಲ್ಲಿ ಯಾಕೆ ನಿಲ್ಲಬೇಕು? ನಿಲ್ಲಿಸುವ ಶಕ್ತಿ ಇರುವುದು ರೆಸಾರ್ಟಿಗೆ, ದೊಡ್ಡ ಹೋಟೆಲಿಗೆ. ಸೌತೆಕಾಯಿ ಮಾರುವಾಕೆಗೂ ಬಾಡಿಗೆ ಜೀಪಿನವನಿಗೂ ಅಲ್ಲ. ಹೆದ್ದಾರಿಯ ಬದಿಯಲ್ಲಿ ಇಂಥವರಿಗೆ ಒಂದು ಸಂತೆಕಟ್ಟೆ, ಅಲ್ಲಿ ಊರಿನ ಮೆಣಸು, ಜೇನು, ಅಪ್ಪೆಮಿಡಿ ಉಪ್ಪಿನಕಾಯಿ, ದೀವರ ಹೆಂಗಸರು ಅಕ್ಕಿಹಿಟ್ಟು ಕೆಮ್ಮಣ್ಣಿನಲ್ಲಿ ಬರೆಯುವ ಚಿತ್ತಾರದ ಬುಟ್ಟಿ ಮಾರಲು ಜಾಗ, ಇಷ್ಟನ್ನು ಪಂಚಾಯಿತಿ ಮಾಡಿಕೊಟ್ಟರೆ ಲಾಂಚು ಕಟ್ಟೆಯ ವ್ಯಾಪಾರದಲ್ಲಿ ಅರ್ಧವಾದರೂ ಉಳಿದೀತು.

ಇನ್ನು ಜಾಗದ ಪ್ರಶ್ನೆ. ಸೇತುವೆಯ ಬೆನ್ನಿಗೆ ಹಿನ್ನೀರು ಕಾಣುವ ಗುಡ್ಡಗಳನ್ನು ಕೇಳಿಕೊಂಡು ಹೊರಗಿನವರು ಬರುತ್ತಿದ್ದಾರೆ. ಗುಡ್ಡದ ಮೇಲೆ ಮೂರು ತಲೆಮಾರು ಕೂತ ಕುಟುಂಬಗಳಲ್ಲಿ ಎಷ್ಟೋ ಮಂದಿಯ ಕೈಯಲ್ಲಿ ಇನ್ನೂ ಹಕ್ಕುಪತ್ರವಿಲ್ಲ. ಸಂತ್ರಸ್ತರಿಗೆಂದು ಅರಣ್ಯದಿಂದ ಬಿಡಿಸಿದ ಭೂಮಿಯ ಆದೇಶಗಳು ಕೇಂದ್ರದ ಒಪ್ಪಿಗೆ ಇರಲಿಲ್ಲವೆಂದು ರದ್ದಾದವು. ಸುತ್ತಲಿನ ಕಾಡು 2019ರಲ್ಲಿ ಸಿಂಗಳೀಕ ಅಭಯಾರಣ್ಯವಾಗಿ ವಿಸ್ತರಿಸಿತು. ಸಿಂಗಳೀಕ ಉಳಿಯಬೇಕು, ಅದನ್ನು ಉಳಿಸಿಕೊಂಡು ಬಂದ ಕಾಡಿನೊಳಗಿನ ಮನೆಗಳೂ ಉಳಿಯಬೇಕು. ಅದೇ ಅಭಯಾರಣ್ಯದ ಕೆಳಕಣಿವೆಯಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ, 2000 ಮೆಗಾವಾಟ್‌ನ ಹೊಸ ಯೋಜನೆಗೆ ಸರ್ಕಾರ ಕಾಗದ ಸಿದ್ಧ ಮಾಡಿದೆ. ವಿದ್ಯುತ್ತಿಗಾಗಿ ಅದೇ ಕಣಿವೆಯನ್ನು ಮತ್ತೊಮ್ಮೆ ಕೇಳುವ ಮೊದಲು 1964ರ ಬಾಕಿಯನ್ನು ತೀರಿಸುವುದು ನ್ಯಾಯ.

ಲಾಂಚನ್ನು ಪ್ರವಾಸೋದ್ಯಮಕ್ಕೆ ಬಳಸುವ ಮಾತು ನಡೆದಿದೆ. ಆಗಲಿ. ಆದರೆ ಒಂದನ್ನಾದರೂ ಹೊಳೆಬಾಗಿಲಿನ ದಡಕ್ಕೆ ಎಳೆದು ನಿಲ್ಲಿಸಿ, ಅದರೊಳಗೆ ಮುಳುಗಿದ ಊರುಗಳ ಹೆಸರು, ಗದ್ದೆಗಳ ಹೆಸರು, ದೇವರ ಬನಗಳ ಹೆಸರು ಬರೆಸಿಡಬೇಕು. ಸರ್ಕಾರದ ಕಡತದಲ್ಲಿ ಸರ್ವೆ ನಂಬರುಗಳಿವೆ, ಈ ಹೆಸರುಗಳು ಪೂರ್ತಿಯಾಗಿ ಇರುವುದು ಆಚೆ ದಡದ ಕೆಲವು ಅಜ್ಜ ಅಜ್ಜಿಯರ ನೆನಪಿನಲ್ಲಿ ಮಾತ್ರ. ಮುಳುಗಡೆಯ ವರ್ಷ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ತುಮರಿಯ ಕಡೆ ಶಾಲೆ ಕಾಲೇಜಿನ ಮಕ್ಕಳಿದ್ದಾರೆ, ಅವರ ಕೈಯಲ್ಲಿ ಮೊಬೈಲ್ ಇದೆ. ಒಂದು ಬೇಸಿಗೆ ರಜೆಯಲ್ಲಿ ಮನೆಮನೆಗೆ ಕಳಿಸಿದರೆ ಆ ಹೆಸರುಗಳೆಲ್ಲ ಧ್ವನಿಯಲ್ಲೇ ಸಿಗುತ್ತವೆ.