ಐದು ಮಿಲಿಮೀಟರಿನ ದಂಡಯಾತ್ರೆ

ಒಂದು ಎಲೆ, ಅದರಲ್ಲಿ 700 ಸುರಂಗ. ಯುರೋಪಿನ ಹಾರ್ಸ್ ಚೆಸ್ಟ್‌ನಟ್ ಮರದಲ್ಲಿ ಹೀಗೂ ಎಣಿಸಿದ್ದಾರೆ. ಐದೇಳು ಬೆರಳು ಚಾಚಿದ ದೊಡ್ಡ ಎಲೆ ಅದು, ನಿಜ; ಆದರೆ ದಪ್ಪ ಒಂದು ಮಿಲಿಮೀಟರಿಗಿಂತ ಎಷ್ಟೋ ಕಡಿಮೆ. ಮೇಲಿನ ಪೊರೆ ಹರಿಯದಂತೆ ಅದರೊಳಗಿನ ಹಸಿರನ್ನಷ್ಟೇ ಮೇಯುತ್ತದೆ, ಕ್ಯಾಮೆರೇರಿಯಾ ಓಹ್ರಿಡೆಲ್ಲಾ ಎಂಬ ಪತಂಗದ ಮರಿಹುಳು. ನಮ್ಮ ನಿಂಬೆ ತೋಟದ ರಂಗೋಲಿ ಹುಳುವಿಗೆ ದೂರದ ದಾಯಾದಿ.

ಪತಂಗದ ಉದ್ದ 5 ಮಿಲಿಮೀಟರ್ ಮುಟ್ಟಿದರೆ ಹೆಚ್ಚು. 1980ರ ದಶಕದಲ್ಲಿ ಮ್ಯಾಸಿಡೋನಿಯಾದ ಓಹ್ರಿಡ್ ಸರೋವರದ ಬಳಿ ಕಣ್ಣಿಗೆ ಬಿತ್ತು. 1986ರಲ್ಲಿ ಹೆಸರು ಪಡೆಯಿತು. 1989ಕ್ಕೆ ಆಸ್ಟ್ರಿಯಾ, 2002ಕ್ಕೆ ಲಂಡನ್. ಸುಮಾರು 2,000 ಕಿಲೋಮೀಟರ್, ಅಂದರೆ ತನ್ನ ಮೈಯುದ್ದದ 40 ಕೋಟಿ ಪಟ್ಟು! ಮನುಷ್ಯ ಅಷ್ಟೇ ಪಟ್ಟು ನಡೆದರೆ ಚಂದ್ರನನ್ನು ಮುಟ್ಟಿ, ಮರಳುವ ದಾರಿಯಲ್ಲೂ ಮುಕ್ಕಾಲು ಸವೆಸಿರುತ್ತಾನೆ. ಪೂರ್ತಿ ರೆಕ್ಕೆಯ ಸಾಹಸವೇನಲ್ಲ. ಲಾರಿ, ಕಾರುಗಳಲ್ಲಿ ಟಿಕೆಟ್ಟಿಲ್ಲದ ಪ್ರಯಾಣವೂ ಸೇರಿದೆ.

ಒಂದು ಹೆಣ್ಣು 30 ಮೊಟ್ಟೆ ಇಟ್ಟಿತೆನ್ನಿ. ವರ್ಷಕ್ಕೆ ಸಾಮಾನ್ಯವಾಗಿ ಮೂರು ತಲೆಮಾರು. ಎಲ್ಲವೂ ಬದುಕಿ, ಅರ್ಧ ಹೆಣ್ಣಾದರೆ ಮೂರನೆಯ ತಲೆಮಾರಿಗೆ 6,750. ಮರುವರ್ಷದ ಕೊನೆಗೆ? ಎರಡು ಕೋಟಿ ಇಪ್ಪತ್ತೇಳು ಲಕ್ಷ ದಾಟುತ್ತದೆ. ಇದು ಕಾಗದದ ಲೆಕ್ಕ. ಹಕ್ಕಿಗಳೂ ಪರಾವಲಂಬಿ ಕಣಜಗಳೂ ತಮ್ಮ ಸುಂಕ ವಸೂಲು ಮಾಡುತ್ತವೆ. ಚಳಿಯನ್ನು ಮಾತ್ರ ನೆಚ್ಚುವಂತಿಲ್ಲ. ಉದುರಿದ ಎಲೆಯೊಳಗಿನ ಕೋಶ ಮೈನಸ್ 23 ಡಿಗ್ರಿಯನ್ನೂ ತಾಳಬಲ್ಲದು. ಅದಕ್ಕೇ ಅಲ್ಲಿನವರು ತರಗೆಲೆ ಗುಡಿಸಿ ಸುಡುವುದು. ಮರ ಸಾಯುವುದಿಲ್ಲ, ಆದರೆ ಬೇಸಿಗೆಯಲ್ಲೇ ಕಂದಾಗಿ ನಿಲ್ಲುತ್ತದೆ, ಬೀಜ ಸೊರಗುತ್ತದೆ.

ನನಗೆ ಹೆಚ್ಚು ಬೆರಗೆನಿಸುವುದು ಬೇರೆಯೇ ಒಂದು ಅಂಕಿ. ಬಾಲ್ಕನ್ ಬೆಟ್ಟಗಳ ಈ ಮರವನ್ನು ಸಸ್ಯತಜ್ಞ ಕ್ಲೂಸಿಯಸ್ 1576ರಲ್ಲೇ ವಿಯೆನ್ನಾದಲ್ಲಿ ಬೆಳೆಸಿದ. ಅಲ್ಲಿಂದ ಅದು ಯುರೋಪಿನ ಬೀದಿಬೀದಿಗೂ ಉದ್ಯಾನಕ್ಕೂ ಹಬ್ಬಿತು. ಎಲೆಯಲ್ಲೇ ಬಾಳುವ ಹುಳು ಬೀಜದ ಜೊತೆ ಬರಲಾರದು. ಮರದ ಬೆನ್ನಟ್ಟಿ ಪತಂಗ ಆಸ್ಟ್ರಿಯಾ ತಲುಪಲು ಹಿಡಿದದ್ದು 413 ವರ್ಷ.

ಅಲ್ಲಿಯವರೆಗೆ ಎಲ್ಲಿತ್ತು? ಉತ್ತರ ಸಸ್ಯ ಸಂಗ್ರಹಾಲಯದಲ್ಲಿತ್ತು. 1879ರಲ್ಲಿ ಗ್ರೀಸ್‌ನಲ್ಲಿ ಕಿತ್ತು, ಒತ್ತಿ ಒಣಗಿಸಿದ್ದ ಎಲೆಯೊಳಗೆ ಇದೇ ಹುಳುಗಳು ಚಪ್ಪಟೆಯಾಗಿ ಕೂತಿದ್ದವು. 2011ರಲ್ಲಿ ಪ್ರಕಟವಾದ ಅಧ್ಯಯನ ಅವುಗಳ ಡಿಎನ್‌ಎಯನ್ನೂ ಓದಿತು. ‘ಹೊಸ’ ಕೀಟವೆಂದು ಹೆಸರಿಡುವುದಕ್ಕೆ ನೂರೇಳು ವರ್ಷ ಮೊದಲೇ ಅದರ ಮಾದರಿ ಸಂಗ್ರಹದಲ್ಲಿತ್ತು, ಹುಳುವೆಂದು ಅಲ್ಲ, ಎಲೆಯೆಂದು.

ಅಂದಹಾಗೆ, ಇದೇ ಕುಲದ ಮರವೊಂದು ನಮ್ಮ ಹಿಮಾಲಯದಲ್ಲೂ ಇದೆ. ಯುರೋಪಿನ ತೋಟಗಳಲ್ಲಿ ಅದರ ಮೇಲೂ ಪತಂಗ ಮೊಟ್ಟೆ ಇಡುವುದುಂಟು. ಮರಿಗಳು ಮಾತ್ರ ಬದುಕುವುದಿಲ್ಲ.