ವೈಪರ್ ಮೋಟಾರಿನ ಜೋಡಣೆ

ವೈಪರ್ ಮೋಟಾರು ವಾಹನದ ಮುಂಭಾಗದ ಗಾಜನ್ನು ಒರೆಸುವ ವೈಪರ್ ತೋಳುಗಳಿಗೆ ಚಲನೆ ನೀಡುವ ವಿದ್ಯುತ್ ಮೋಟಾರು. ಕಾರುಗಳಲ್ಲಿ ಸಾಮಾನ್ಯವಾಗಿ 12 ವೋಲ್ಟ್, ಭಾರಿ ಲಾರಿಗಳಲ್ಲಿ 24 ವೋಲ್ಟ್ ಮೋಟಾರುಗಳಿರುತ್ತವೆ. ಅಮೆರಿಕದ ಮೇರಿ ಆಂಡರ್ಸನ್ 1903ರಲ್ಲಿ ಪೇಟೆಂಟ್ ಪಡೆದ ವೈಪರನ್ನು ಕೈಯಿಂದಲೇ ಚಲಿಸಬೇಕಿತ್ತು. ಭಾರತದಲ್ಲಿ ವೈಪರ್ ಕುರಿತ ವಿಧಿ ಕೇಂದ್ರ ಮೋಟಾರು ವಾಹನ ನಿಯಮಗಳು, 1989ರಲ್ಲಿದೆ.

ರಚನೆ

ಮೋಟಾರಿನ ವೇಗದ ತಿರುಗುವಿಕೆಯನ್ನು ಒಳಗಿನ ಹಲ್ಲುಚಕ್ರವು ತಗ್ಗಿಸಿ ಬಲವನ್ನು ಹೆಚ್ಚಿಸುತ್ತದೆ. ಹೊರಗಿನ ಕ್ರ್ಯಾಂಕ್ ಮತ್ತು ಲಿಂಕ್ ಸರಳುಗಳು ಆ ಚಲನೆಯನ್ನು ಅತ್ತಿತ್ತ ತೂಗುವ ಚಲನೆಯಾಗಿ ಮಾರ್ಪಡಿಸುತ್ತವೆ. ಸ್ವಿಚ್ ಆರಿಸಿದ ಮೇಲೂ ತೋಳುಗಳು ಗಾಜಿನ ಅಂಚಿಗೆ ಬರುವವರೆಗೆ ಮೋಟಾರಿಗೆ ವಿದ್ಯುತ್ ಒದಗಿಸುವ ‘ಪಾರ್ಕ್’ ಸಂಪರ್ಕವೂ ಅದರೊಳಗಿದೆ.

ಧೂಳಿನ ಪರಿಣಾಮ

ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಯಶವಂತನಗರದಂತಹ ಗಣಿ ಸೀಮೆಯಲ್ಲಿ ಅದಿರಿನ ಕೆಂಪು ಧೂಳು ಗಾಜಿನ ಮೇಲೂ ಲಿಂಕ್ ಸರಳುಗಳ ಕೀಲುಗಳಲ್ಲೂ ಕೂರುತ್ತದೆ. ಮೊದಲ ಮಳೆಗೆ ಅದು ಕೆಸರಾಗಿ ಚಾಲಕನ ದೃಷ್ಟಿಯನ್ನೇ ಮರೆಮಾಡಬಲ್ಲದು. ಹೆಮಟೈಟ್ ಅದಿರು ಹೆಚ್ಚುಕಡಿಮೆ ಗಾಜಿನಷ್ಟೇ ಗಡಸು. ಆದುದರಿಂದ ನೀರು ಚಿಮುಕಿಸದೆ ವೈಪರ್ ಓಡಿಸಿದರೆ ಗಾಜಿನ ಮೇಲೆ ಗೀರು ಬೀಳುತ್ತದೆ. ಕೀಲುಗಳು ಬಿಗಿದಿದ್ದರೆ ಮೋಟಾರು ಬಿಸಿಯಾಗಿ ಸುಡಬಹುದು, ಇಲ್ಲವೇ ಫ್ಯೂಸ್ ಹೋಗಬಹುದು. ಕೀಲುಗಳನ್ನು ಸರಿಪಡಿಸದೆ ಹೊಸ ಮೋಟಾರು ಕೂರಿಸಿದರೆ ಅದಕ್ಕೂ ಅದೇ ಗತಿ. ಫ್ಯೂಸ್ ಪರೀಕ್ಷಿಸಿ, ಸರಳುಗಳನ್ನು ಕೈಯಿಂದ ಆಡಿಸಿ ನೋಡಿದ ಬಳಿಕವೇ ಮೋಟಾರನ್ನು ದೂರುವುದು ಸರಿ.

ಜೋಡಣೆಯ ಕ್ರಮ

ಲಿಂಕ್ ಸರಳುಗಳ ನಡುವೆ ಬೆರಳು ಸಿಲುಕಿದರೆ ತೀವ್ರ ಗಾಯವಾಗುತ್ತದೆ. ಹಾಗಾಗಿ ಮೊದಲು ಬ್ಯಾಟರಿಯ ಋಣ ತಂತಿಯನ್ನು ಬಿಚ್ಚಲಾಗುತ್ತದೆ. ತೋಳುಗಳು ನಿಂತಿರುವ ಜಾಗವನ್ನು ಗಾಜಿನ ಮೇಲೆ ಟೇಪಿನಿಂದ ಗುರುತಿಸಿ, ತೋಳುಗಳನ್ನೂ ಗಾಜಿನ ಬುಡದ ಹೊದಿಕೆಯನ್ನೂ ತೆಗೆಯಲಾಗುತ್ತದೆ. ಅಲ್ಲಿನ ನೀರು ಹರಿಯುವ ರಂಧ್ರದಲ್ಲಿ ಎಲೆಗಳು ಕಟ್ಟಿಕೊಂಡಿದ್ದರೆ ಈಗಲೇ ಶುಚಿಗೊಳಿಸಬೇಕು. ನಿಂತ ನೀರು ಮೋಟಾರನ್ನು ಕೆಡಿಸುತ್ತದೆ. ಅನಂತರ ಹಳೆಯ ಕ್ರ್ಯಾಂಕಿನ ಕೋನವನ್ನು ಗುರುತಿಸಿಕೊಂಡು, ವಿದ್ಯುತ್ ಪ್ಲಗ್, ಕ್ರ್ಯಾಂಕಿನ ನಟ್ ಮತ್ತು ಬೋಲ್ಟುಗಳನ್ನು ಬಿಚ್ಚಿ ಮೋಟಾರನ್ನು ಹೊರತೆಗೆಯುತ್ತಾರೆ.

ಅವಸರದಲ್ಲಿ ತಪ್ಪಿಹೋಗುವ ಹಂತ ಮುಂದಿನದು. ಹೊಸ ಮೋಟಾರನ್ನು ಬೋಲ್ಟುಗಳಿಂದ ಭದ್ರಪಡಿಸಿ, ಕ್ರ್ಯಾಂಕ್ ಕೂರಿಸುವ ಮುನ್ನವೇ ಪ್ಲಗ್ ಜೋಡಿಸಿ, ಬ್ಯಾಟರಿ ಸಂಪರ್ಕ ಕೊಟ್ಟು ಒಮ್ಮೆ ಓಡಿಸಿ ಸ್ವಿಚ್ ಆರಿಸಬೇಕು. ಆಗ ಅದು ತಾನಾಗಿ ಪಾರ್ಕ್ ಸ್ಥಾನದಲ್ಲಿ ನಿಲ್ಲುತ್ತದೆ. ಇದನ್ನು ಬಿಟ್ಟರೆ ತೋಳುಗಳು ಗಾಜಿನ ನಡುವೆ ನಿಲ್ಲುತ್ತವೆ, ಇಲ್ಲವೇ ಅಂಚಿಗೆ ಬಡಿಯುತ್ತವೆ. ಮತ್ತೆ ಬ್ಯಾಟರಿ ಸಂಪರ್ಕ ತಪ್ಪಿಸಿ ಕ್ರ್ಯಾಂಕನ್ನು ಹಳೆಯ ಕೋನದಲ್ಲೇ ಕೂರಿಸಲಾಗುತ್ತದೆ. ನಟ್ ಬಿಗಿಯುವಾಗ ಕ್ರ್ಯಾಂಕನ್ನು ಸ್ಪ್ಯಾನರಿನಿಂದ ಹಿಡಿದಿರಬೇಕು. ಇಲ್ಲವಾದರೆ ಬಿಗಿತದ ಬಲವೆಲ್ಲ ಒಳಗಿನ ಹಲ್ಲುಚಕ್ರದ ಮೇಲೆ ಬೀಳುತ್ತದೆ. ಹೊದಿಕೆಯನ್ನು ಮುಚ್ಚಿ, ತೋಳುಗಳನ್ನು ಟೇಪಿನ ಗುರುತಿಗೆ ಸರಿಯಾಗಿ ಕೂರಿಸಿ, ಬ್ಯಾಟರಿ ತಂತಿ ಜೋಡಿಸಿ, ಒದ್ದೆ ಗಾಜಿನ ಮೇಲೆ ಎಲ್ಲ ವೇಗಗಳಲ್ಲೂ ಪರೀಕ್ಷಿಸಲಾಗುತ್ತದೆ.