ಅಪ್ಪನಿಗೊಂದು ಹಗುರವಾದ ಕೋವಿ

‘ನಿಮ್ಮ ಪುಣೆಯಲ್ಲಿ ಕೋವಿ, ತೋಟೆ ಎಲ್ಲ ತಯಾರಾಗ್ತದಂತಲ್ಲ ಮಾರಾಯ, ಹಗುರದ್ದೊಂದು ಸಿಗ್ತದಾ ನೋಡು.’

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪ ಫೋನಿನಲ್ಲಿ ಹೀಗೆ ಹೇಳಿದಾಗ ನಾನು ಹಿಂಜೆವಾಡಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿದ್ದೆ. ಅಪ್ಪನಿಗೆ ಎಪ್ಪತ್ಮೂರು. ತೀರ್ಥಹಳ್ಳಿ ಕಡೆಯ ಹಳ್ಳಿಯೊಂದರಲ್ಲಿ ಮೂರು ಎಕರೆ ಅಡಿಕೆ ತೋಟ, ನಡುವೆ ಒಂದಿಷ್ಟು ಬಾಳೆ, ಕೋಕೋ. ಮನೆಯಲ್ಲಿ ಬೆಳೆ ರಕ್ಷಣೆಗೆಂದು ಪಡೆದ ಹನ್ನೆರಡು ಬೋರಿನ ಜೋಡುನಳಿಗೆ ಕೋವಿ ಇದೆ. ಮೂರು ಕಿಲೋಗಿಂತ ಹೆಚ್ಚು ತೂಕ. ಅಪ್ಪ ಅದನ್ನು ಎತ್ತಿ ಹಾರಿಸಿದ ಮೇಲೆ ಎರಡು ದಿನ ಬಲಭುಜಕ್ಕೆ ಎಣ್ಣೆ ಹಚ್ಚಿಸಿಕೊಳ್ಳುತ್ತಾರೆ ಎಂದು ತಂಗಿ ಆಗಲೇ ಗುಟ್ಟಾಗಿ ತಿಳಿಸಿದ್ದಳು.

ಅದೇ ವಾರ ಆಫೀಸಿನ ಸಹೋದ್ಯೋಗಿಯೊಬ್ಬ ಊಟದ ಹೊತ್ತಿನಲ್ಲಿ ಮೊಬೈಲು ತೋರಿಸಿದ. ಶನಿವಾರ ಬಂತೆಂದರೆ ರಾಜಮಾಚಿ, ಹರಿಶ್ಚಂದ್ರಗಡ ಎಂದು ಹತ್ತುವ ಮರಾಠಿ ಹುಡುಗ. ವಿಡಿಯೊದಲ್ಲಿ ಒಬ್ಬ ಅಮೆರಿಕನ್ನನು ರೈಫಲ್ಲನ್ನು ಬಿಚ್ಚಿ, ನಳಿಗೆಯನ್ನೂ ಯಂತ್ರಭಾಗವನ್ನೂ ಅದರ ಹಿಡಿಯೊಳಗೇ ತುರುಕಿ, ಮುಚ್ಚಳ ಹಾಕಿ ಬೆನ್ನುಚೀಲಕ್ಕೆ ಸೇರಿಸುತ್ತಿದ್ದ. ‘ನೀನು ಮಲೆನಾಡಿನವ, ಕೋವಿ ಗೊತ್ತಿರೋನು. ಟ್ರೆಕ್ಕಿಂಗಿಗೆ ಇಂಥದ್ದೊಂದು ಇಟ್ಟುಕೊಳ್ಳಬಹುದಾ?’ ಎಂದ.

ಒಂದೇ ವಾರದಲ್ಲಿ ಇಬ್ಬರಿಗೆ ಹಗುರವಾದ ಕೋವಿ ಬೇಕಾಗಿತ್ತು. ನಾನು ಓದಲು ಕೂತೆ.

ವಿಡಿಯೊದಲ್ಲಿದ್ದದ್ದು ಎಆರ್-7 ಎಂಬ ‘ಸರ್ವೈವಲ್ ರೈಫಲ್’. ಎಂ16 ರೈಫಲ್ಲಿನ ಮೂಲ ವಿನ್ಯಾಸಕಾರ ಯೂಜೀನ್ ಸ್ಟೋನರ್ 1950ರ ದಶಕದ ಕೊನೆಗೆ ಆರ್ಮಲೈಟ್ ಕಂಪನಿಯಲ್ಲಿದ್ದಾಗ ರೂಪಿಸಿದ್ದು. ವಿಮಾನ ಬಿದ್ದು ಹಿಮಪ್ರದೇಶದಲ್ಲೋ ಕಾಡಿನಲ್ಲೋ ಸಿಕ್ಕಿಕೊಂಡ ಪೈಲಟ್ ಮೊಲವನ್ನೋ ಹಕ್ಕಿಯನ್ನೋ ಹೊಡೆದು ತಿಂದು ಬದುಕಲಿ ಎಂಬುದು ಇಂಥ ಕೋವಿಗಳ ಹಿಂದಿನ ಯೋಚನೆ. 1963ರ ಜೇಮ್ಸ್ ಬಾಂಡ್ ಸಿನಿಮಾದಲ್ಲೂ ಇದು ಕಾಣಿಸಿಕೊಂಡಿತು. ಈಗ ಹೆನ್ರಿ ಕಂಪನಿ ತಯಾರಿಸುವ ಮಾದರಿ ಸುಮಾರು 1.6 ಕಿಲೋ ತೂಗುತ್ತದೆ. ಬಿಚ್ಚಿ ಕಟ್ಟಿದರೆ 42 ಸೆಂ.ಮೀ. ಉದ್ದ, ನೀರಿಗೆ ಬಿದ್ದರೆ ತೇಲುತ್ತದೆ. ರಷ್ಯನ್ನರಿಗೂ ಇಂಥದೇ ಅಗತ್ಯ ಬಿತ್ತು. 1965ರ ಮಾರ್ಚಿನಲ್ಲಿ ಬಾಹ್ಯಾಕಾಶದಿಂದ ಮರಳಿದ ಲಿಯೊನೊವ್ ಮತ್ತು ಬೆಲ್ಯಾಯೆವ್ ಗುರಿ ತಪ್ಪಿ ಹಿಮ ತುಂಬಿದ ಕಾಡಿನಲ್ಲಿಳಿದು ಎರಡು ರಾತ್ರಿ ಕಳೆದರು. ಮುಂದೆ ಸೋವಿಯತ್ ಗಗನಯಾನಿಗಳ ಪೆಟ್ಟಿಗೆಗೆ ಟಿಪಿ-82 ಎಂಬ ಮೂರು ನಳಿಗೆಯ ಪಿಸ್ತೂಲು ಸೇರಿತು.

ಎಆರ್-7ನಲ್ಲಿ ಹಾಕುವುದು ಪಾಯಿಂಟ್ 22 ಲಾಂಗ್ ರೈಫಲ್ ತೋಟೆ. ಒಂದರ ತೂಕ ಮೂರೂವರೆ ಗ್ರಾಂ ಅಂದುಕೊಳ್ಳಿ. ಐನೂರು ತೋಟೆ ಸೇರಿದರೂ ಎರಡು ಕಿಲೋ ಆಗುವುದಿಲ್ಲ. ಹನ್ನೆರಡು ಬೋರಿನ ಐನೂರು ತೋಟೆ ಹೊರಲು ಇಪ್ಪತ್ತು ಕಿಲೋಗಿಂತ ಹೆಚ್ಚು ಹೊರುವ ಆಳು ಬೇಕು. ಪಾಯಿಂಟ್ 22ರಲ್ಲಿ ಭುಜಕ್ಕೆ ಒದೆತ ಇಲ್ಲವೆಂದೇ ಹೇಳಬಹುದು. ಸದ್ದೂ ಕಡಿಮೆ. ಇದನ್ನೆಲ್ಲ ಓದಿ, ಅಪ್ಪನಿಗೆ ಹೇಳಿ ಮಾಡಿಸಿದ ಕೋವಿ ಸಿಕ್ಕಿತು ಎಂದು ಹಿಗ್ಗಿದೆ.

ಹಿಗ್ಗು ಇಳಿದದ್ದು ಕಾನೂನು ಓದಿದಾಗ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಯಾವ ಕೆಲಸಕ್ಕೆ ಯಾವ ಕೋವಿ ಎಂಬುದು ನಮ್ಮಜ್ಜ ಗದ್ದೆ ಪಾಲು ಮಾಡಿದಷ್ಟು ಸ್ಪಷ್ಟವಾಗಿದೆ. ಬೆಳೆ ರಕ್ಷಣೆಗೆ ಮೂತಿಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ, ಒಳಮೈ ನುಣುಪಾದ ಬೇರೆ ಕೋವಿ. ಪಾಯಿಂಟ್ 22 ರೈಫಲ್ಲಿನ ಹೆಸರು ಬರುವುದು ಅದರ ಮುಂದಿನ ಸಾಲಿನಲ್ಲಿ, ಕೇಂದ್ರ ಸರ್ಕಾರ ಮಾನ್ಯ ಮಾಡಿದ ರೈಫಲ್ ಕ್ಲಬ್ಬಿನ ಸದಸ್ಯರು ಗುರಿ ಅಭ್ಯಾಸ ಮಾಡುವುದಕ್ಕೆ. ಅಂದರೆ ಕಾನೂನಿನ ಲೆಕ್ಕದಲ್ಲಿ ಅದರ ಜಾಗ ಶೂಟಿಂಗ್ ರೇಂಜು, ಅಡಿಕೆ ತೋಟ ಅಲ್ಲ. ಇದ್ದ ಕೋವಿಯ ನಳಿಗೆ ಕೊಯ್ದು ಗಿಡ್ಡ ಮಾಡಿಸಿದರೆ ಹಗುರವಾದೀತಲ್ಲ ಎಂಬ ಉಪಾಯ ಅಪ್ಪನಿಗೂ ಹೊಳೆದಿತ್ತು. ಅದು ಅದೇ ಕಾಯ್ದೆಯ 6ನೇ ಸೆಕ್ಷನ್ನಿನ ಪ್ರಕಾರ ಅಪರಾಧ. ದಯವಿಟ್ಟು ಯಾರೂ ಊರಿನ ಕಮ್ಮಾರನ ಹತ್ತಿರ ಹೋಗಬೇಡಿ.

ಕಾನೂನು ಪಕ್ಕಕ್ಕಿಟ್ಟು ನೋಡಿದರೂ ತೋಟಕ್ಕೆ ಅದು ಸಲ್ಲದು. ಅಪ್ಪನ ಕೋವಿಯ ಕೆಲಸ ಕೊಲ್ಲುವುದಲ್ಲ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಅನುಮತಿಯಿಲ್ಲದೆ ಹಂದಿಯನ್ನಾಗಲಿ ಮಂಗವನ್ನಾಗಲಿ ಹೊಡೆಯುವಂತಿಲ್ಲ. ‘ಢಂ’ ಎಂದರೆ ಗುಡ್ಡದಾಚೆಯ ಮಂಗವೂ ಬೆಚ್ಚಬೇಕು, ಅಷ್ಟೆ. ಪೈಲಟ್ಟಿಗೆ ವರವಾದ ಸಣ್ಣ ಸದ್ದು ನಮ್ಮ ತೋಟದಲ್ಲಿ ಏನೂ ಮಾಡದು. ಇನ್ನೊಂದು, ಸಣ್ಣ ಗುಂಡು ಎಂಬ ಸಲಿಗೆ. ಹನ್ನೆರಡು ಬೋರಿನ ಸಣ್ಣ ಚರೆ ಇನ್ನೂರು ಮುನ್ನೂರು ಮೀಟರಿನಲ್ಲಿ ಸುಸ್ತಾಗಿ ಉದುರುತ್ತದೆ. ಪಾಯಿಂಟ್ 22ರ ಗುಂಡು ಮೇಲ್ಮುಖವಾಗಿ ಹೋದರೆ ಒಂದೂವರೆ ಕಿಲೋಮೀಟರ್ ದಾಟಬಲ್ಲದು. ಕಲ್ಲಿಗೋ ನೀರಿಗೋ ತಾಗಿದರೆ ಪುಟಿದು ಬೇರೆ ಕಡೆ ಹಾರುತ್ತದೆ. ಮಂಗ ಕೂರುವುದು ಮರದ ತುದಿಯಲ್ಲಿ, ಕೋವಿ ಎತ್ತುವುದು ಆಕಾಶಕ್ಕೆ. ಪಕ್ಕದ ತೋಟದಲ್ಲಿ ಕೊನೆಗೌಡ ಇನ್ನೊಂದು ಮರದ ತುದಿಯಲ್ಲಿರುತ್ತಾನೆ. ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ‘ಬೇಡ ಹಾಗಾದ್ರೆ’ ಎಂದರು.

ಸಹೋದ್ಯೋಗಿಗೂ ಹೇಳಿದೆ. ನಿನ್ನ ಹರಿಶ್ಚಂದ್ರಗಡ ಇರುವುದೇ ವನ್ಯಜೀವಿ ಧಾಮದೊಳಗೆ. ಅನುಮತಿಯಿಲ್ಲದೆ ಶಸ್ತ್ರ ಹಿಡಿದು ಧಾಮದೊಳಗೆ ಕಾಲಿಟ್ಟರೇ ತಪ್ಪು. ಅಲಾಸ್ಕಾದಲ್ಲಿ ಹತ್ತು ದಿನ ನಡೆದರೂ ಮನೆ ಸಿಗದಿರಬಹುದು. ಸಹ್ಯಾದ್ರಿಯಲ್ಲಿ ದಾರಿ ತಪ್ಪಿದವನು ಇಳಿಜಾರು ಹಿಡಿದು ಎಚ್ಚರದಿಂದ ನಡೆದರೆ ಯಾವುದಾದರೊಂದು ವಾಡಿಯಲ್ಲಿ ಪಿಠಲೆ ಭಾಕ್ರಿ ಸಿಗುತ್ತದೆ. ಇಲ್ಲಿ ಜೀವ ಹೋಗುವುದು ಹಸಿವಿನಿಂದಲ್ಲ, ಕಾಲು ಜಾರಿ, ನೀರು ಮುಗಿದು, ಕತ್ತಲಾಗಿ. ಒಂದೂವರೆ ಕಿಲೋ ಹೊರುವ ಹುಮ್ಮಸ್ಸಿದ್ದರೆ ಇನ್ನೊಂದು ಲೀಟರ್ ನೀರು, ತಲೆಗೆ ಕಟ್ಟುವ ಟಾರ್ಚು, ಒಂದು ಸೀಟಿ ಹೊರು ಎಂದೆ. ಅವನು ನಕ್ಕು, ಮಾರನೆಯ ವಾರ ನಿಜಕ್ಕೂ ಸೀಟಿ ಕೊಂಡ.

ಪುಣೆಯಲ್ಲಿ ಸಣ್ಣ ಕ್ಯಾಲಿಬರಿಗೆ ಬೇರೆಯೇ ಮರ್ಯಾದೆ ಇದೆ. 1869ರಿಂದ ಮದ್ದುಗುಂಡು ತಯಾರಿಸುತ್ತಿರುವ ಕಾರ್ಖಾನೆ ಖಡ್ಕಿಯಲ್ಲಿದೆ. ಸೈನ್ಯದ 5.56 ಮಿ.ಮೀ. ಇನ್ಸಾಸ್ ರೈಫಲ್ಲಿನ ವಿನ್ಯಾಸ ಆದದ್ದು ಪಾಷಾಣದ ಎಆರ್‌ಡಿಇ ಸಂಸ್ಥೆಯಲ್ಲಿ. ಬಾಲೇವಾಡಿಯ ಕ್ರೀಡಾಸಂಕುಲದಲ್ಲಿ ದೊಡ್ಡ ಶೂಟಿಂಗ್ ರೇಂಜು ಇದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 50 ಮೀಟರ್ ರೈಫಲ್ ಮೂರು ಭಂಗಿಯ ಸ್ಪರ್ಧೆಯಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ನಮ್ಮ ಗಡಿಯ ಪಕ್ಕದ ಕೊಲ್ಹಾಪುರ ಜಿಲ್ಲೆಯವರು, ಆಗ ಮಧ್ಯ ರೈಲ್ವೆಯಲ್ಲಿ ಟಿಕೆಟ್ ಪರೀಕ್ಷಕರು. ಅವರು ಹಿಡಿದಿದ್ದದ್ದೂ ಪಾಯಿಂಟ್ 22 ರೈಫಲ್ಲೇ.

ಜನವರಿಯಲ್ಲಿ ಅಪ್ಪ ಮತ್ತು ತಂಗಿ ಪುಣೆಗೆ ಬಂದಾಗ ಶೂಟಿಂಗ್ ಅಕಾಡೆಮಿಯೊಂದಕ್ಕೆ ಕರೆದುಕೊಂಡು ಹೋದೆ. ಹೊಸಬರಿಗೆ ಅಲ್ಲಿ ಕೊಡುವುದು ಹತ್ತು ಮೀಟರಿನ ಏರ್‌ರೈಫಲ್. ‘ಹಗುರದ್ದು ತೋರಿಸ್ತೇನೆ ಅಂದಿದ್ದೆಯಲ್ಲ’ ಎಂದು ಅಪ್ಪ ಅದನ್ನೆತ್ತಿದವರೇ ಮುಖ ಸಿಂಡರಿಸಿದರು. ಸ್ಪರ್ಧೆಯ ಏರ್‌ರೈಫಲ್ ಐದೂವರೆ ಕಿಲೋವರೆಗೂ, 50 ಮೀಟರ್ ಸ್ಪರ್ಧೆಯ ಪುರುಷರ ಪಾಯಿಂಟ್ 22 ಎಂಟು ಕಿಲೋವರೆಗೂ ತೂಗಬಹುದು ಎಂದು ತರಬೇತುದಾರ ವಿವರಿಸಿದ. ಭಾರ ಇದ್ದಷ್ಟೂ ಕೋವಿ ನಡುಗುವುದಿಲ್ಲವಂತೆ.

ಆದರೆ ಅಪ್ಪನ ಕೈ ನಡುಗುತ್ತಿತ್ತು. ಹತ್ತು ಗುಂಡಿನಲ್ಲಿ ಮೂರು ಕಾಗದಕ್ಕೇ ತಾಗಲಿಲ್ಲ. ಅವರು ಕನ್ನಡಕ ಒರೆಸಿಕೊಂಡರು, ಮತ್ತೆ ಹಾಕಿಕೊಂಡರು. ನಾನು ಬೇರೆ ಕಡೆ ನೋಡಿದೆ. ಆಮೇಲೆ ತಂಗಿ ನಿಂತಳು. ಬೆಳಗಿನ ಜಾವ ಎದ್ದು ಡಬ್ಬ ಬಡಿದು ಮಂಗ ಓಡಿಸುವವಳು, ಔಷಧಿ ಹೊಡೆಸುವವಳು, ಅಡಿಕೆ ಸುಲಿಸಿ ಮಂಡಿಗೆ ಕಳಿಸುವವಳು ಅವಳೇ. ಅವಳ ಹತ್ತೂ ಗುಂಡು ಅಂಗೈಯಗಲದಲ್ಲಿ ಬಿದ್ದವು.

ಆ ರಾತ್ರಿ ಊಟದ ಮೇಲೆ ನಾನು ಓದಿಟ್ಟುಕೊಂಡಿದ್ದ ಇನ್ನೊಂದು ನಿಯಮದ ಮಾತೆತ್ತಿದೆ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಲೈಸೆನ್ಸುದಾರನಿಗೆ ಎಪ್ಪತ್ತು ತುಂಬಿದರೆ ಅಥವಾ ಕೋವಿ ಇಟ್ಟುಕೊಂಡು ಇಪ್ಪತ್ತೈದು ವರ್ಷವಾದರೆ ಬದುಕಿರುವಾಗಲೇ ಅದನ್ನು ವಾರಸುದಾರರೊಬ್ಬರ ಹೆಸರಿಗೆ ಕೊಡಲು ಅರ್ಜಿ ಹಾಕಬಹುದು. ಅಪ್ಪ ನನ್ನ ಕಡೆ ನೋಡಿದರು. ಕೋವಿ ಮಗನಿಗೆ ಎಂಬುದು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳದ ಒಪ್ಪಂದ. ಅಜ್ಜನಿಂದ ಅಪ್ಪನಿಗೆ ಬಂದದ್ದೂ ಹಾಗೇ. ನನ್ನೊಳಗೂ ಆಸೆ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹನ್ನೆರಡನೆಯ ಮಹಡಿಯ ಫ್ಲ್ಯಾಟಿನಲ್ಲಿ ನಾನು ಯಾವ ಮಂಗ ಓಡಿಸಲಿ? ಲೈಸೆನ್ಸು ನನ್ನ ಹೆಸರಲ್ಲಿದ್ದು ಕೋವಿ ಊರಲ್ಲಿ ಉಳಿದರೆ ಅದನ್ನು ಮುಟ್ಟುವವರೆಲ್ಲ ತಪ್ಪಿತಸ್ಥರು.

‘ತಂಗಿ ಹೆಸರಿಗೆ ಮಾಡಿಸಿ’ ಎಂದೆ. ಹೇಳುವಾಗ ಗಂಟಲು ಸ್ವಲ್ಪ ಕಟ್ಟಿತು. ಅವಳು ತಟ್ಟೆ ಎತ್ತುತ್ತಿದ್ದವಳು ನಿಂತು, ‘ಜೋಡುನಳಿಗೆ ನಂಗೂ ಭಾರವೇ. ಒಂಟಿನಳಿಗೆಯದ್ದು ಸಿಕ್ಕರೆ ನೋಡಿ’ ಎಂದಳು. ಅಪ್ಪ ಜೋರಾಗಿ ನಕ್ಕರು. ಅಷ್ಟರಲ್ಲಿ ಮಾತು ಮುಗಿಯಿತು.

ನಾವು ಕೊನೆಗೆ ಆರಿಸಿದ್ದು ಇಷ್ಟು. ಕೋವಿ ಸದ್ಯಕ್ಕೆ ಹಳೆಯದೇ. ಹಿಡಿಯ ಹಿಂಬದಿಗೆ ರಬ್ಬರ್ ಪ್ಯಾಡ್, ಚರೆ ಕಡಿಮೆ ಇರುವ ಹಗುರ ತೋಟೆ. ಒದೆತ ಬಹಳಷ್ಟು ತಗ್ಗುತ್ತದೆ. ತಂಗಿಯ ಹೆಸರಿಗೆ ಲೈಸೆನ್ಸು ಬಂದ ಮೇಲೆ ಒಂಟಿನಳಿಗೆಗೆ ಬದಲಾಯಿಸುವ ಯೋಚನೆ. ತೋಟದ ಹಂದಿಯ ದಾರಿಗೆ ಸೌರಬೇಲಿ. ಅದರ ಖರ್ಚು ನನ್ನದು. ಪೈಪಿಗೆ ಕಾರ್ಬೈಡ್ ತುಂಬಿ ಸಿಡಿಸುವ ಅಗ್ಗದ ‘ಮಂಗನ ಕೋವಿ’ ಬೇಡವೆಂದು ತೀರ್ಮಾನಿಸಿದೆವು. 2025ರ ದೀಪಾವಳಿಯಲ್ಲಿ ಭೋಪಾಲದ ಕಡೆ ಅದರಿಂದ ಎಷ್ಟೊಂದು ಮಕ್ಕಳ ಕಣ್ಣಿಗೆ ಪೆಟ್ಟಾಯಿತು ಎಂಬುದನ್ನು ನೀವೂ ಓದಿರುತ್ತೀರಿ.

ಯುಗಾದಿ ಕಳೆದು ಅರ್ಜಿ ಹಾಕಿದ್ದಾಯಿತು. ವೈದ್ಯರ ಪ್ರಮಾಣಪತ್ರ, ಶಸ್ತ್ರ ಸುರಕ್ಷತೆಯ ತರಬೇತಿ, ಪೊಲೀಸ್ ವರದಿ ಎಲ್ಲ ಆಗಬೇಕು. ನಿಧಾನವೇ. ಊರು ಬಿಟ್ಟು ಬಂದ ನಮ್ಮಂಥವರಿಗೆ ನನ್ನದೊಂದು ಕಿವಿಮಾತು. ನಿಮ್ಮ ಮನೆಯ ಗೋಡೆಯ ಮೇಲೂ ಅಪ್ಪನ ಕೋವಿ ಇದ್ದರೆ ಈ ಸಲ ರಜೆಗೆ ಹೋದಾಗ ಲೈಸೆನ್ಸು ಪುಸ್ತಕ ತೆಗೆದು ಅವಧಿ ಯಾವಾಗ ಮುಗಿಯುತ್ತದೆ ಎಂದು ನೋಡಿ. ಮುಂದೆ ಯಾರಿಗೆ ಎಂಬುದನ್ನು ಅಪ್ಪ ಇರುವಾಗಲೇ ಕೂತು ಮಾತಾಡಿ. ಲೈಸೆನ್ಸುದಾರ ತೀರಿಕೊಂಡ ಮೇಲೆ ಕೋವಿಯನ್ನು ಠಾಣೆಗೋ ಅಧಿಕೃತ ಅಂಗಡಿಗೋ ಒಪ್ಪಿಸಬೇಕು. ಸೂತಕದ ಮನೆಯಲ್ಲಿ ಅದು ಯಾರಿಗೂ ನೆನಪಾಗುವುದಿಲ್ಲ.

ಈಗ ಮತ್ತೆ ಮಳೆ ಹಿಡಿದಿದೆ. ನಿನ್ನೆ ಅಪ್ಪ ಫೋನು ಮಾಡಿದ್ದರು. ಮಂಗಗಳ ಹಿಂಡು ಬಾಳೆಗೆ ಬಂದಿತ್ತಂತೆ. ‘ಹೊಡೆದ್ರಾ?’ ಎಂದೆ. ‘ನಾನು ಜಗುಲಿಯಿಂದ ಇಳೀಲಿಲ್ಲ. ಅವಳು ಡಬ್ಬ ತಗೊಂಡು ಹೋಗಿದ್ಲು’ ಎಂದರು. ಸ್ವಲ್ಪ ತಡೆದು, ‘ಅವಳ ಪೊಲೀಸ್ ವರದಿ ಏನಾಯ್ತು, ಆನ್‌ಲೈನಿನಲ್ಲಿ ನೋಡೋದಕ್ಕೆ ಬರ್ತದಾ ನಿಂಗೆ?’ ಎಂದು ಕೇಳಿದರು.